ಹಳೇ ಓಮ್ನಿ ಕೊಳ್ಳುವ ಮುಂಚೆ ಮ್ಯಾಟ್ ಎತ್ತಿ ನೋಡಿ

ಹಳೇ ಓಮ್ನಿ ನೋಡಿಕೊಂಡು ಬಂದವರೆಲ್ಲ ಹೇಳುವುದು ಒಂದೇ ಮಾತು, "ಇಂಜಿನ್ ಸೂಪರ್ ಇದೆ." ಇದ್ದೇ ಇರುತ್ತೆ ಮಾರಾಯ್ರೇ. ಮಾರುತಿ 800ರಲ್ಲಿದ್ದ ಅದೇ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಅದು. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದಾಗಿನಿಂದ 2019ರಲ್ಲಿ ನಿಲ್ಲಿಸುವವರೆಗೂ ಬುಡ ಅದೇ, ನಡುವೆ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್ಐ, ಅಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ, ಬಂತು ಅಷ್ಟೇ. ಆಯಿಲ್ ಸರಿಯಾಗಿ ಬದಲಿಸಿ, ಹೀಟ್ ಆಗಲು ಬಿಡದಿದ್ದರೆ ಲಕ್ಷ ಕಿಲೋಮೀಟರ್ ದಾಟಿದ ಮೇಲೂ ತಕರಾರಿಲ್ಲದೆ ಓಡುತ್ತದೆ. ನಾನು ಕಂಡ ಹಾಗೆ ಓಮ್ನಿ ಗುಜರಿಗೆ ಹೋಗುವುದು ಇಂಜಿನ್ ಕೆಟ್ಟು ಅಲ್ಲ. ತುಕ್ಕು ಹಿಡಿದು.

ನನ್ನದು 2004ರ ಎಂಪಿಎಫ್ಐ ಗಾಡಿ, ಐದು ಸೀಟಿನದು, ಸೆಕೆಂಡ್ ಹ್ಯಾಂಡ್. ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ಆಗುಂಬೆ ಕಡೆಯ ಮಳೆ. ಗಾಡಿ ಮಾಡುವ ಕೆಲಸ ಕೇಳಿದರೆ ಪಾಪ ಅನಿಸುತ್ತದೆ. ಅಡಿಕೆ ಮೂಟೆ, ಗೊಬ್ಬರ, ಪಂಪ್‌ಸೆಟ್ ರಿಪೇರಿಗೆ ಒಯ್ಯುವುದು, ಪಕ್ಕದ ಮನೆಯ ಮದುವೆಗೆ ಪಾತ್ರೆ, ಭಾನುವಾರ ತೊಳೆದು ಅಮ್ಮನನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗುವುದು. ಹಿಂದಿನ ಸೀಟು ಮಡಚಿದರೆ ಸಾಮಾನಿನ ಗಾಡಿ, ಬಿಚ್ಚಿದರೆ ಮನೆಯ ಗಾಡಿ. ಇದೇ ಅನುಕೂಲ ಇದಕ್ಕೆ ಶತ್ರುವೂ ಹೌದು.

ಯಾಕೆಂದರೆ ಒಳಗೆ ಏನು ತುಂಬಿದರೂ ಅದರ ನೀರು ಇಳಿಯುವುದು ಫ್ಲೋರ್ ಶೀಟಿನ ಮೇಲೆ. ಗೊಬ್ಬರದ ಚೀಲ ಹರಿದು ಪೊಟ್ಯಾಷ್ ಚೆಲ್ಲಿತು ಅನ್ನಿ. ಅದು ಉಪ್ಪಿನ ಜಾತಿಯದ್ದೇ, ಪೊಟ್ಯಾಸಿಯಂ ಕ್ಲೋರೈಡ್. ಮ್ಯಾಟಿನ ಕೆಳಗೆ ಹೋಗಿ ಕೂತರೆ ಮಳೆಗಾಲದ ತೇವಕ್ಕೆ ಕರಗಿ ತಗಡನ್ನು ತಿನ್ನುತ್ತಲೇ ಇರುತ್ತದೆ, ಮೇಲೆ ಮ್ಯಾಟ್ ಮಾತ್ರ ಚಂದ ಕಾಣುತ್ತದೆ. ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿ ಇನ್ನೂ ಕಷ್ಟ. ಐಸು, ಉಪ್ಪು ಎಲ್ಲ ಸೇರಿದ ನೀರು ಸಂದಿಯೊಳಗೆ ಇಳಿದಿರುತ್ತದೆ. ಅಂಥ ಗಾಡಿ ಎಷ್ಟು ಕಡಿಮೆಗೆ ಬಂದರೂ ನಾನು ಮುಟ್ಟುವುದಿಲ್ಲ. ಮೂಗು ಇಟ್ಟರೆ ಗೊತ್ತಾಗುತ್ತೆ, ಎಷ್ಟು ಸೆಂಟು ಹೊಡೆದಿದ್ದರೂ.

ಹಾಗಾಗಿ ನೋಡಲು ಹೋಗುವಾಗ ಟಾರ್ಚು, ಒಂದು ಸ್ಕ್ರೂಡ್ರೈವರ್, ಕೆಳಗೆ ಮಲಗಲು ಒಂದು ಗೋಣಿಚೀಲ ಒಯ್ಯುತ್ತೇನೆ. ಮ್ಯಾಟ್ ಪೂರ್ತಿ ಎತ್ತಿಸಬೇಕು. ಮಾರುವವರು "ಅಂಟಿಸಿದೀವಿ ಸಾರ್" ಅಂದರೆ ಅಲ್ಲಿಗೆ ಮಾತು ಮುಗಿಯಿತು. ಜಾರುವ ಬಾಗಿಲಿನ ಕೆಳಗಿನ ಹಳಿ, ಅದರ ಅಡಿಯ ರನ್ನಿಂಗ್ ಬೋರ್ಡು, ಹಿಂದಿನ ಚಕ್ರದ ಮೇಲಿನ ಕಮಾನು, ಮುಂದಿನ ಸಸ್ಪೆನ್ಷನ್ ಬಂದು ಕೂರುವ ಜಾಗ, ಹಿಂದಿನ ಲೀಫ್ ಸ್ಪ್ರಿಂಗ್ (ಪಟ್ಟಿ ಸ್ಪ್ರಿಂಗ್) ಗಾಡಿಯ ಅಡಿಚೌಕಟ್ಟಾದ ಚಾಸಿಗೆ ಸೇರುವ ಜಾಗ, ಇಷ್ಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡುತ್ತೇನೆ. ಗಟ್ಟಿ ತಗಡು ಟಣ್ ಅನ್ನುತ್ತದೆ, ತೂತು ಮುಚ್ಚಲು ಪುಟ್ಟಿ ತುಂಬಿದ್ದು ಡಬ್ ಅನ್ನುತ್ತದೆ. ಫ್ಲೋರಿನಲ್ಲಿ ತೂತಿದ್ದರೆ ಪರವಾಗಿಲ್ಲ, ಬೆಸುಗೆ ಹಾಕಬಹುದು. ಲೀಫ್ ಸ್ಪ್ರಿಂಗ್ ಕೂರುವ ಜಾಗವೇ ಕರಗಿದ್ದರೆ ಬಿಟ್ಟು ಬನ್ನಿ.

ನನ್ನ ಗಾಡಿಯಲ್ಲಿ ಡ್ರೈವರ್ ಕಾಲಿನ ಜಾಗ, ಎಡಗಡೆ ರನ್ನಿಂಗ್ ಬೋರ್ಡು ಎರಡೂ ಹೋಗಿದ್ದವು. ಅದು ಗೊತ್ತಿದ್ದೇ ಚೌಕಾಸಿ ಮಾಡಿ ತಗೊಂಡೆ. ಟಿಂಕರಿಂಗ್‌ನವನು ಮೊದಲು ಹೇಳಿದ್ದು, "ಗೌಡ್ರೇ, ಮೇಲೊಂದು ಶೀಟ್ ಇಟ್ಟು ರಿವಿಟ್ ಹೊಡೆದು ಟಾರ್ ಬಳಿದುಬಿಡ್ತೀನಿ, ಒಂದೇ ದಿನದ ಕೆಲಸ." ಹೆಚ್ಚಿನವರು ಮಾಡಿಸುವುದು ಇದನ್ನೇ. ಎರಡು ತಗಡಿನ ನಡುವೆ ನೀರು ನಿಂತು, ಎರಡೇ ಮಳೆಗಾಲಕ್ಕೆ ಹೊಸ ಶೀಟೂ ಹೋಗುತ್ತದೆ. ನಾನು ಒಪ್ಪಲಿಲ್ಲ. ತುಕ್ಕು ಹಿಡಿದ ಭಾಗವನ್ನು ಹೊಳೆಯುವ ತಗಡು ಸಿಗುವವರೆಗೆ ಕತ್ತರಿಸಿ, ಅಳತೆಗೆ ಹೊಸ ಶೀಟ್ ಮಡಚಿ, ಸುತ್ತ ಬೆಸುಗೆ ಹಾಕಿ, ಗ್ರೈಂಡ್ ಮಾಡಿ, ಎರಡೂ ಕಡೆ ರೆಡ್ ಆಕ್ಸೈಡ್, ಅದರ ಮೇಲೆ ಸೀಲರ್, ಆಮೇಲೆ ಕೆಳಗಿನಿಂದ ರಬ್ಬರ್ ಅಂಡರ್‌ಕೋಟಿಂಗ್. ದುಡ್ಡು ಮೂರು ಪಟ್ಟು, ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ. ಆದರೆ ಆ ಜಾಗ ಇವತ್ತಿಗೂ ಹಾಗೇ ಇದೆ.

ಬೆಸುಗೆಗೆ ಮುಂಚೆ ಮೂರು ಕೆಲಸ ಆಗಲೇಬೇಕು. ಪೆಟ್ರೋಲ್ ಟ್ಯಾಂಕ್ ಇಳಿಸಿ ದೂರ ಇಡಬೇಕು, ಬ್ಯಾಟರಿ ಕೇಬಲ್ ಬಿಚ್ಚಬೇಕು, ಎಂಪಿಎಫ್ಐ ಗಾಡಿಯಾದರೆ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಕನೆಕ್ಟರ್ ಎಳೆದಿಡಬೇಕು. "ಏನಾಗಲ್ಲ ಬಿಡಿ, ಒದ್ದೆ ಗೋಣಿ ಹಾಕ್ತೀನಿ" ಅನ್ನುವವರಿದ್ದಾರೆ. ಅವರ ಶೆಡ್ಡಿನಲ್ಲಿ ಗಾಡಿ ಬಿಡಬೇಡಿ.

ಮಲೆನಾಡಿನಲ್ಲಿ ಇನ್ನೊಂದು ರೂಢಿ ಇದೆ. ಮಳೆಗೆ ಮುಂಚೆ ಸರ್ವಿಸ್ ಸ್ಟೇಷನ್ನಿನಲ್ಲಿ ಹಳೇ ಆಯಿಲು, ಡೀಸೆಲು ಬೆರೆಸಿ ಕೆಳಗೆಲ್ಲ ಸ್ಪ್ರೇ ಹೊಡೆಯುವುದು. ತುಕ್ಕಿಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಅದೇ ಎಣ್ಣೆ ಸಸ್ಪೆನ್ಷನ್ ಬುಷ್, ರಬ್ಬರ್ ಬೂಟುಗಳ ಮೇಲೆ ಕೂತು ಅವನ್ನು ಉಬ್ಬಿಸಿ ಹಾಳು ಮಾಡುತ್ತದೆ, ಬ್ರೇಕ್ ಡ್ರಮ್ಮಿಗೆ ಹೋದರಂತೂ ಕೇಳುವುದೇ ಬೇಡ. ನಾನು ಅದನ್ನು ಬಿಟ್ಟೆ. ಅದರ ಬದಲು ಬಾಗಿಲುಗಳ ಕೆಳ ಅಂಚಿನಲ್ಲಿ, ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಇಳಿಯಲು ಬಿಟ್ಟ ಸಣ್ಣ ತೂತುಗಳಿರುತ್ತವಲ್ಲ, ಅವನ್ನು ತಂತಿ ಹಾಕಿ ಬಿಡಿಸುತ್ತೇನೆ. ತೋಟದ ತರಗೆಲೆ ಅಲ್ಲಿ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಖರ್ಚಿಲ್ಲದ ಕೆಲಸ, ಆದರೂ ಮಾಡುವವರು ಕಡಿಮೆ.

ಜಾರುವ ಬಾಗಿಲಿನ ಬಗ್ಗೆ ಎಲ್ಲರದೂ ಒಂದೇ ದೂರು, ಗಟ್ಟಿ ಆಗಿದೆ, ಎಳೆದರೆ ಬರಲ್ಲ. ಅದಕ್ಕೆ ರೋಲರ್‌ಗಳು ಮೂರು ಕಡೆ ಇವೆ, ಮೇಲೆ, ಕೆಳಗೆ, ಹೊರಗೆ ನಡುವಿನ ಹಳಿಯಲ್ಲಿ. ಸವೆದ ರೋಲರ್ ಬದಲಿಸದೆ ಬರೀ ಗ್ರೀಸ್ ಮೆತ್ತಿದರೆ ಧೂಳು ಅಂಟಿ ಇನ್ನೂ ಬಿಗಿಯಾಗುತ್ತದೆ. ಹಳಿಯನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ರೋಲರ್ ಹೊಸದು ಹಾಕಿ, ತೆಳ್ಳಗೆ ಮಾತ್ರ ಗ್ರೀಸ್ ಸವರಿ. ನನ್ನ ಮಗಳು ಒಂದೇ ಕೈಯಲ್ಲಿ ತೆಗೆಯುತ್ತಾಳೆ ಈಗ.

ಇನ್ನು ಹೀಟ್. ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ, ರೇಡಿಯೇಟರ್ ಮುಂದೆ. ನಡುವೆ ಉದ್ದದ ಪೈಪುಗಳು. ವರ್ಷಗಟ್ಟಲೆ ಬಾವಿ ನೀರು ಹಾಕಿದ ಗಾಡಿಗಳಲ್ಲಿ ಆ ಪೈಪು ಒಳಗಿನಿಂದ ತುಕ್ಕು ಹಿಡಿದು, ಆ ಕೆಂಪು ಕೆಸರು ರೇಡಿಯೇಟರಿಗೂ ಹೋಗಿ ಕೂತಿರುತ್ತದೆ. ನಾನು ಗಾಡಿ ತಂದ ಮೇಲೆ ಮಾಡಿಸಿದ ಮೊದಲ ಇಂಜಿನ್ ಕೆಲಸ ಇದೇ. ರೇಡಿಯೇಟರ್ ಬಿಚ್ಚಿ, ಒಳಗಿನ ಕೆಸರು ಹೋಗಲು ರಾಡ್ ಹೊಡೆಸಿ, ಹೋಸ್ ಪೈಪೆಲ್ಲ ಹೊಸದು, ವಾಟರ್ ಪಂಪ್ ಹೊಸದು. ಟೈಮಿಂಗ್ ಬೆಲ್ಟೂ ಜೊತೆಗೇ ಬದಲಿಸಿದೆ, ಹೇಗೂ ಬಿಚ್ಚಿದ್ದಾಗಿದೆ ಅಂತ. ಆಮೇಲೆ ಕೂಲಂಟ್ ತುಂಬುವಾಗ ಗಾಡಿಯ ಮುಖ ಏರಿನ ಕಡೆ ಮಾಡಿ ನಿಲ್ಲಿಸಿ, ತಣ್ಣಗಿದ್ದಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ, ಗುಳ್ಳೆ ಬರುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು. ಆ ಉದ್ದದ ಪೈಪಿನಲ್ಲಿ ಗಾಳಿ ಉಳಿದರೆ ಕೂಲಂಟ್ ತುಂಬಿದ್ದರೂ ಹೀಟ್ ಆಗುತ್ತದೆ.

ಇಲ್ಲಿ ನನಗೂ ಮೆಕ್ಯಾನಿಕ್ಕಿಗೂ ಜಗಳವೇ ಆಯಿತು. ಅವನು ಥರ್ಮೋಸ್ಟಾಟ್ ವಾಲ್ವ್, ಅಂದರೆ ಇಂಜಿನ್ ಬಿಸಿಯಾಗುವವರೆಗೆ ಕೂಲಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುವ ಬಾಗಿಲು, ಕೈಯಲ್ಲಿ ಹಿಡಿದು, "ಇದು ಬೇಡ ಬಿಡಿ, ತೆಗೆದು ಬಿಸಾಕಿದ್ರೆ ಗಾಡಿ ಯಾವತ್ತೂ ಹೀಟ್ ಆಗಲ್ಲ" ಅಂದ. ಹಳೇ ಗಾಡಿ ರಿಪೇರಿಯಲ್ಲಿ ಇದು ವೇದವಾಕ್ಯ. ಕಾರ್ಬ್ಯುರೇಟರ್ ಗಾಡಿಯಲ್ಲಿ ಹೇಗೋ ನಡೆದುಹೋಗುತ್ತಿತ್ತು. ಎಂಪಿಎಫ್ಐಯಲ್ಲಿ ಕೂಲಂಟ್ ತಣ್ಣಗಿದ್ದರೆ ಇಂಜಿನ್ ಇನ್ನೂ ಬೆಚ್ಚಗಾಗಿಲ್ಲ ಅಂದುಕೊಂಡು ಇಸಿಎಂ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ಮೈಲೇಜ್ ಹೋಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಮಳೆಗಾಲದ ಚಳಿಗೆ ಇಂಜಿನ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. "ಹೊಸ ವಾಲ್ವ್ ತಂದುಕೊಡ್ತೀನಿ, ಹಾಕು" ಅಂದೆ. ಹಾಕುವ ಮುಂಚೆ ಮನೆಯಲ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ ಅದರಲ್ಲಿ ಬಿಟ್ಟು ನೋಡಿದೆ, ಕುದಿಯುವುದಕ್ಕೆ ಮುಂಚೆ ಬಾಯಿ ತೆರೆಯಿತು. ಹೆಂಡತಿ ಆ ಪಾತ್ರೆ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ, ಅದು ಬೇರೆ ಮಾತು.

ಹೀಟ್ ಗೇಜ್ ಮೇಲೆ ಹೋದರೆ "ಇನ್ನೊಂದು ಎರಡು ಕಿಲೋಮೀಟರ್ ಅಷ್ಟೇ" ಅಂತ ಓಡಿಸಬೇಡಿ. ಸಿಲಿಂಡರ್ ಹೆಡ್ ಅಲ್ಯುಮಿನಿಯಂ, ಬಿಸಿಗೆ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಹೋಗುತ್ತದೆ, ನೀರು ಆಯಿಲಿಗೆ ಬೆರೆತು ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದೆ. ಕೊಳ್ಳುವಾಗ ಆಯಿಲ್ ತುಂಬುವ ಮುಚ್ಚಳದ ಒಳಮೈ ನೋಡಿ ಅನ್ನುವುದು ಇದಕ್ಕೇ.

ಉಳಿದದ್ದೆಲ್ಲ ಸಣ್ಣಪುಟ್ಟ ಕೆಲಸ. ಗೇರ್ ಲಿವರ್ ಲೊಡಲೊಡ ಅಂದರೆ ಗೇರ್‌ಬಾಕ್ಸ್ ಹೋಯಿತು ಅಂತ ಹೆದರಿಸುತ್ತಾರೆ, ಮೊದಲು ಲಿಂಕೇಜಿನ ಬುಷ್ ಬದಲಿಸಿ ನೋಡಿ. ಕ್ಲಚ್ ಬಿಡುವಾಗ ಕೆಳಗಿನಿಂದ ಕಟ್ ಅಂತ ಸದ್ದು ಬಂದರೆ, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ಸವೆದಿರುತ್ತದೆ. ಓಮ್ನಿ ಹಿಂದಿನ ಚಕ್ರದಿಂದ ಓಡುವ ಗಾಡಿ, ಹಿಂದಿನ ಚಕ್ರಗಳ ನಡುವಿನ ಗೇರುಗಳಿರುವ ಹೌಸಿಂಗಿನಲ್ಲೂ ಆಯಿಲ್ ಇದೆ ಅನ್ನುವುದನ್ನು ಸರ್ವಿಸ್ ಮಾಡುವವರೇ ಮರೆಯುತ್ತಾರೆ, ನೀವೇ ನೆನಪಿಸಿ ಬದಲಿಸಿ. ಇಂಜಿನ್ ಆಯಿಲ್ ನಾನೇ ಬದಲಿಸುತ್ತೇನೆ. ಮೂರು ಲೀಟರಿನ ಕ್ಯಾನ್ ಸಾಕು, ಸೀಟ್ ಎತ್ತಿದರೆ ಎಲ್ಲ ಕೈಗೆ ಸಿಗುತ್ತದೆ.

ಎಲ್‌ಪಿಜಿ ಇರುವ ಗಾಡಿಯಾದರೆ ಟ್ಯಾಂಕಿನ ಟೆಸ್ಟಿಂಗ್ ದಿನಾಂಕ, ಆರ್‌ಸಿಯಲ್ಲಿ ಗ್ಯಾಸ್ ನಮೂದಾಗಿದೆಯಾ ಎರಡನ್ನೂ ನೋಡಿ. ಗ್ಯಾಸಿನಲ್ಲಿ ಓಡಿಸುವವರು ಪೆಟ್ರೋಲ್ ಒಂದೆರಡು ಲೀಟರ್ ಮಾತ್ರ ಇಟ್ಟಿರುತ್ತಾರೆ. ಎಂಪಿಎಫ್ಐಯಲ್ಲಿ ಪೆಟ್ರೋಲ್ ಎಳೆಯುವ ಪಂಪ್ ಪೆಟ್ರೋಲ್ ಟ್ಯಾಂಕಿನ ಒಳಗೇ ಇದ್ದು, ತಣ್ಣಗಾಗುವುದು ಆ ಪೆಟ್ರೋಲಿನಿಂದಲೇ. ಒಣಗಿದರೆ ಸುಟ್ಟುಹೋಗುತ್ತದೆ. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಇರುವ ಪೆಟ್ರೋಲು. ಇಷ್ಟು ಹಳೇ ಗಾಡಿಯ ರಬ್ಬರ್ ಪೈಪು, ಸೀಲು ಅದಕ್ಕೆ ಅಂತ ಮಾಡಿದ್ದಲ್ಲ. ಪೆಟ್ರೋಲ್ ಹೋಗುವ ರಬ್ಬರೆಲ್ಲ ಒಮ್ಮೆ ಹೊಸದು ಹಾಕಿಸಿದ್ದೇನೆ. ಇಂಜಿನ್ ನಾವು ಕೂರುವ ಸೀಟಿನ ಕೆಳಗೇ ಇದೆ, ಪೆಟ್ರೋಲ್ ವಾಸನೆ ಬಂದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಬ್ರೇಕಿನಲ್ಲಿ ಹಿಂದಿನ ವೀಲ್ ಸಿಲಿಂಡರ್ ಸೋರುವುದು ಮಾಮೂಲಿ. ಡ್ರಮ್ ಒಳಗೆ ಒದ್ದೆ ಕಂಡರೆ ಎರಡೂ ಕಡೆಯದು ಬದಲಿಸಿ. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ನಾನು ಎರಡನೇ ಗೇರಿನಲ್ಲೇ ಬರುತ್ತೇನೆ, ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಸುರಕ್ಷತೆ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಈ ಗಾಡಿಯಲ್ಲಿ ನಮ್ಮ ಮೊಣಕಾಲಿನ ಮುಂದೆ ತಗಡು ಬಿಟ್ಟರೆ ಹೆಚ್ಚೇನೂ ಇಲ್ಲ, ಏರ್‌ಬ್ಯಾಗ್ ಇಲ್ಲ. 2019ರಲ್ಲಿ ನಿಲ್ಲಿಸಿದ್ದೂ ಹೊಸ ಕ್ರ್ಯಾಶ್ ನಿಯಮಕ್ಕೆ ಹೊಂದುವುದಿಲ್ಲ ಅಂತಲೇ. ಊರ ಸುತ್ತ, ಪೇಟೆಗೆ, ತೋಟಕ್ಕೆ ಸೈ. ಬೆಂಗಳೂರಿಗೆ ಹೋಗಬೇಕಾದರೆ ನಾವು ಬಸ್ಸಿಗೆ ಹೋಗುತ್ತೇವೆ.

ಪಾರ್ಟ್ಸ್ ಚಿಂತೆ ಬೇಡ. ಇಂಜಿನಿನ ಸಾಮಾನು ಸಣ್ಣ ಪೇಟೆಯಲ್ಲೂ ಸಿಗುತ್ತದೆ. ಬಾಗಿಲಿನ ಬೀಡಿಂಗು, ಗಾಜು, ಹಳಿ ಇಂಥವಕ್ಕೆ ಮಾತ್ರ ಹುಡುಕಬೇಕು. ಬೆಂಗಳೂರಿಗೆ ಹೋದವರ ಹತ್ತಿರ, ಗಾಡಿ ಪಾರ್ಟ್ಸ್ ಅಂಗಡಿಗಳಿರುವ ಜೆಸಿ ರೋಡಿನಿಂದ ತರಿಸುತ್ತೇನೆ.

ಕಾಗದಪತ್ರ ನೋಡದೆ ದುಡ್ಡು ಕೊಡಬೇಡಿ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್ ಆಗಬೇಕು. ಮೊದಲು ಕಾರಿಗೆ ಕೇಂದ್ರದ ಶುಲ್ಕ 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5,000. 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಇದರ ಮೇಲೆ ಗ್ರೀನ್ ಟ್ಯಾಕ್ಸ್, ಎಮಿಷನ್, ಇನ್ಶೂರೆನ್ಸ್ ಎಲ್ಲ ಬೇರೆ. ದಿಲ್ಲಿಯಲ್ಲಿ ತಂದ ಹಾಗೆ 15 ವರ್ಷ ಆದ ಪೆಟ್ರೋಲ್ ಗಾಡಿ ಓಡಿಸುವಂತಿಲ್ಲ ಅನ್ನುವ ನಿಯಮ ನಮ್ಮಲ್ಲಿಲ್ಲ, ಸುಮ್ನೆ ಗಾಬರಿಯಾಗಿ ಗುಜರಿಗೆ ಕೊಟ್ಟವರನ್ನು ನೋಡಿದ್ದೇನೆ. ಇನ್‌ಸ್ಪೆಕ್ಟರ್ ಎದುರು ಗಾಡಿ ನಿಲ್ಲಿಸಿ, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ತುಕ್ಕು ಹಿಡಿದು ಒಂದು ಅಂಕಿ ಕಾಣದಿದ್ದರೂ ಓಡಾಟ ಶುರು. ಆ ಜಾಗಕ್ಕೆ ಸ್ವಲ್ಪ ಗ್ರೀಸ್ ಸವರಿಟ್ಟಿರಿ, ರಿನ್ಯೂವಲ್ ದಿನ ಒರೆಸಿಕೊಂಡು ಹೋದರಾಯಿತು.

ಈಗ ನನ್ನ ಗಾಡಿಯಲ್ಲಿ ಬಾಕಿ ಇರುವುದು ಎರಡು. ಬಲಗಡೆ ಬಾಗಿಲಿನ ಕೆಳ ಅಂಚು ಉಬ್ಬಲು ಶುರುವಾಗಿದೆ, ಸ್ಟೀರಿಂಗಿನಲ್ಲಿ ಸ್ವಲ್ಪ ಪ್ಲೇ ಇದೆ. ಸ್ಟೀರಿಂಗ್ ಈ ವಾರವೇ ತೋರಿಸುತ್ತೇನೆ, ಅದು ಕಾಯುವ ಕೆಲಸವಲ್ಲ. ಬಾಗಿಲಿಗೆ ಟಿಂಕರಿಂಗ್‌ನವನು ಮಳೆ ಹಿಡಿಯುವುದಕ್ಕೆ ಮುಂಚೆ ಬಾ ಅಂದಿದ್ದಾನೆ, ಪುಟ್ಟಿ ಹಾಕಬೇಡ ಅಂತ ಈಗಲೇ ಹೇಳಿಟ್ಟಿದ್ದೇನೆ.