ಸೂಪರ್ ಕಬ್: ಮೊದಲು ತೂಕ ಇಳಿಸಿ, ಆಮೇಲೆ ಭಾರ ಹೇರಿ

ಅಲಾಸ್ಕದ ನದಿ ದಿಣ್ಣೆಗಳಲ್ಲಿ ಇಳಿದೇಳುವ ಪುಟ್ಟ ವಿಮಾನ ಪೈಪರ್ ಪಿಎ-18 ಸೂಪರ್ ಕಬ್‌ಗೆ ಮಾರ್ಪಾಡಿನ ಕಿಟ್‌ಗಳಿಗೆ ಬರವಿಲ್ಲ. ಹಣ ಸುರಿಯುವ ಮುಂಚೆ ಒಂದು ಲೆಕ್ಕ ಗೊತ್ತಿರಲಿ: ತೂಕ ಶೇ. 10 ಏರಿದರೆ ಟೇಕಾಫ್ ಓಟ ಶೇ. 20ಕ್ಕೂ ಹೆಚ್ಚು ಉದ್ದವಾಗುತ್ತದೆ. ಆದ್ದರಿಂದ ತಕ್ಕಡಿಯಿಂದಲೇ ಶುರು ಮಾಡಿ.

ವಿಮಾನವನ್ನು ಹಾರುವ ಭಂಗಿಯಲ್ಲಿ ಮಟ್ಟ ಮಾಡಿ, ಮೂರೂ ಚಕ್ರಗಳ ಕೆಳಗೆ ತಕ್ಕಡಿ ಇಟ್ಟು ತೂಗಿ. ಹಳೆಯ ಸ್ಟಾರ್ಟರ್, ದೊಡ್ಡ ಬ್ಯಾಟರಿ, ಬಳಸದ ರೇಡಿಯೋ ಮತ್ತು ಅದರ ವೈರು, ಒಳಗಿನ ಅಲಂಕಾರ ಎಲ್ಲ ತೆಗೆಯಿರಿ. ಬೇಕಾದ್ದಕ್ಕೆ ಹಗುರ ಮಾದರಿ ಹಾಕಿ. ಬಾಲದ ಕಡೆ ಮಾತ್ರ ಜಿಪುಣರಾಗಿರಿ. ಟೈಲ್‌ವೀಲ್‌ನಲ್ಲಿ (ಬಾಲದ ಚಕ್ರ) ಹೆಚ್ಚಿದ 2 ಕೆ.ಜಿ., ಗುರುತ್ವ ಕೇಂದ್ರದ ಮಟ್ಟಿಗೆ, ಲಗೇಜು ಜಾಗದಲ್ಲಿ ಅದರ ಹಲವು ಪಟ್ಟು ತೂಕ ಇಟ್ಟಂತೆ.

ಆಮೇಲೆ ಪ್ರೊಪೆಲ್ಲರ್. 150 ಅಶ್ವಶಕ್ತಿಯ ಲೈಕಮಿಂಗ್ ಓ-320ಕ್ಕೆ ಅಲ್ಲಿನವರು ಹಾಕುವುದು 82 ಇಂಚು ವ್ಯಾಸ, 41 ಇಂಚು ಪಿಚ್ಚಿನ (ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗುವ ದೂರ) 'ಬೋರರ್' ಪ್ರೊಪೆಲ್ಲರ್. ಖರ್ಚಿಗೆ ಹೋಲಿಸಿದರೆ ಇಷ್ಟು ಲಾಭ ಕೊಡುವ ಮಾರ್ಪಾಡು ಇನ್ನೊಂದಿಲ್ಲ. ಬೆಲೆ ತೆರಬೇಕಾದ್ದು ಕ್ರೂಸ್‌ನಲ್ಲಿ, ಅಂದರೆ ಮೇಲೇರಿ ಸಮವೇಗದಲ್ಲಿ ಸಾಗುವಾಗ: ಪಿಚ್ ಕಡಿಮೆಯಾದ್ದರಿಂದ ಎಂಜಿನ್ ಬೇಗ 2700 ಆರ್‌ಪಿಎಂ ಮಿತಿ ಮುಟ್ಟುತ್ತದೆ, ಥ್ರಾಟಲ್ ಹಿಂದೆಳೆಯಲೇಬೇಕು. ವೇಗ ಇಳಿಯುತ್ತದೆ, ದೂರದ ಹಾರಾಟಕ್ಕೆ ಹೆಚ್ಚು ಇಂಧನ ಬೇಕಾಗುತ್ತದೆ. ಆ ಮಿತಿಯಲ್ಲಿ ಅಲಗಿನ ತುದಿ ಸೆಕೆಂಡಿಗೆ ಸುಮಾರು 294 ಮೀಟರ್ ಓಡುವುದರಿಂದ ಗದ್ದಲವೂ ಜೋರು.

ಉದ್ದ ಅಲಗು ನೆಲಕ್ಕೆ ತಾಗದಿರಲು ದೊಡ್ಡ ಟೈರ್, ಜೊತೆಗೆ 3 ಇಂಚು ಹೆಚ್ಚು ಉದ್ದದ ಗೇರ್ (ಚಕ್ರ ಹೊರುವ ಕಾಲು) ಬೇಕು. ಗೇರ್ ಎತ್ತರವಾದರೆ ಮೂಗು ಇನ್ನಷ್ಟು ಮೇಲೇಳುತ್ತದೆ. ಮೂರು ಚಕ್ರದ ಮೇಲೆ ನಿಂತಾಗಲೇ ರೆಕ್ಕೆಗೆ ಹೆಚ್ಚು ಕೋನ ಸಿಗುತ್ತದೆ. 31 ಇಂಚಿನ ಬುಷ್‌ವೀಲ್‌ನಲ್ಲಿ (ಒರಟು ನೆಲಕ್ಕೆಂದೇ ಮಾಡಿದ ದಪ್ಪ, ಮೆತ್ತನೆ ಟೈರ್) ಗಾಳಿ 8ರಿಂದ 12 ಪಿಎಸ್‌ಐ ಇದ್ದರೆ ಕಲ್ಲಿನ ಮೇಲೆ ಮೆತ್ತಗೆ ಉರುಳುತ್ತದೆ, ಡಾಂಬರಿನ ಮೇಲೆ ಬೇಗ ಸವೆಯುತ್ತದೆ. ಹಲವರು ಮರೆಯುವುದು ಬ್ರೇಕ್: ಸುಮಾರು 20 ಇಂಚಿನ ಟೈರಿನಿಂದ 31ಕ್ಕೆ ಹೋದರೆ ಅದೇ ಬ್ರೇಕಿನ ಹಿಡಿತ ಮೂರನೇ ಒಂದಂಶಕ್ಕೂ ಹೆಚ್ಚು ಕುಗ್ಗುತ್ತದೆ. ಎರಡು ಪಿಸ್ಟನ್ನಿನ ಬ್ರೇಕ್ ಕ್ಯಾಲಿಪರ್ ಕೂಡಲೇ ಹಾಕಿಸಿ.

ರೆಕ್ಕೆಯ ಮುಂಚೂಣಿಯ ಹಿಂದೆ ಅಂಟಿಸುವ ವೋರ್ಟೆಕ್ಸ್ ಜನರೇಟರ್‌ಗಳು (ಗಾಳಿಯಲ್ಲಿ ಸುಳಿ ಎಬ್ಬಿಸುವ ಪುಟ್ಟ ರೆಕ್ಕೆಚೂರುಗಳು) ಸ್ಟಾಲ್ ವೇಗವನ್ನು, ಅಂದರೆ ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದ ವೇಗವನ್ನು, ಸ್ವಲ್ಪ ಇಳಿಸುತ್ತವೆ, ನಿಧಾನ ವೇಗದಲ್ಲಿ ಏಲರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಹಲಗೆ) ಹಿಡಿತ ಕೊಡುತ್ತವೆ. ಕಿಟ್ಟಿನ ಅಚ್ಚನ್ನು ಅಳತೆ ತಪ್ಪದೆ ಇಟ್ಟು, ಮೇಲ್ಮೈಯ ಜಿಡ್ಡು ಒರೆಸಿ ಅಂಟಿಸಿ. ಚಳಿಗಾಲದಲ್ಲಿ ರೆಕ್ಕೆಯ ಹೊದಿಕೆ ಇವಕ್ಕೇ ಸಿಕ್ಕಿ ಒಂದೊಂದೇ ಕಿತ್ತು ಬರುತ್ತವೆ. ಬಿಡಿ ಚೂರುಗಳು ಕೈಲಿರಲಿ.

ಕೊನೆಗೆ ಭಾರ. ಮೂಲ ಮಿತಿ 1750 ಪೌಂಡ್ (794 ಕೆ.ಜಿ.); ಎಸ್‌ಟಿಸಿ (ಮಾರ್ಪಾಡಿಗೆ ವಿಮಾನಯಾನ ಇಲಾಖೆ ಕೊಡುವ ಪೂರಕ ಪ್ರಮಾಣಪತ್ರ) ಅನುಮತಿಯ ಕಿಟ್‌ನಿಂದ 2000 ಪೌಂಡ್ (907 ಕೆ.ಜಿ.) ವರೆಗೆ ಏರಿಸಬಹುದು. ಆ 250 ಪೌಂಡ್ ಪೂರ್ತಿ ಹೇರಿದರೆ ಸ್ಟಾಲ್ ವೇಗ ಶೇ. 7ರಷ್ಟು, ಟೇಕಾಫ್ ಓಟ ಶೇ. 30ರಷ್ಟು ಏರುತ್ತದೆ. ವೋರ್ಟೆಕ್ಸ್ ಜನರೇಟರ್‌ಗಳಿಂದ ಗಳಿಸಿದ್ದು ಇಲ್ಲಿ ಕರಗುತ್ತದೆ, ಅದನ್ನು ಒಪ್ಪಿಕೊಂಡೇ ಹೇರಿ. ಕಿಟ್ ಹಾಕುವ ಮುನ್ನ ರೆಕ್ಕೆಯ ಸ್ಟ್ರಟ್‌ಗಳನ್ನು (ರೆಕ್ಕೆಯನ್ನು ಒಡಲಿಗೆ ಕಟ್ಟುವ ಓರೆ ಕಂಬಗಳು) ಪರೀಕ್ಷಿಸಿ: ನೀರು ಇಳಿದು ಕೆಳತುದಿ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಸ್ಟ್ರಟ್‌ನ ತುದಿಯ ಫೋರ್ಕಿನ ಥ್ರೆಡ್‌ನಲ್ಲಿ ಬಿರುಕು ನೋಡಿ. ಸಂಶಯವಿದ್ದರೆ ಮುಚ್ಚಿದ ಮಾದರಿಯ ಹೊಸ ಸ್ಟ್ರಟ್ ಹಾಕಿ. ಐಎ (ತಪಾಸಣೆ) ಅಧಿಕಾರವಿರುವ ಮೆಕ್ಯಾನಿಕ್ ದೊಡ್ಡ ಮಾರ್ಪಾಡು ದಾಖಲಿಸುವ 337 ಫಾರಂಗೆ ಸಹಿ ಹಾಕಿ, ಹೊಸ ತೂಕದ ಪಟ್ಟಿ ಬರೆಯುವ ತನಕ ಹಾರಬೇಡಿ.

ಪ್ರತಿ ಮಾರ್ಪಾಡನ್ನೂ ಪ್ರತ್ಯೇಕವಾಗಿ ಅಳೆಯಿರಿ. ರನ್‌ವೇ ಪಕ್ಕ 15 ಮೀಟರಿಗೊಂದು ಬಾವುಟ ನೆಟ್ಟು, ಗಾಳಿಯಿಲ್ಲದ ಬೆಳಗ್ಗೆ, ಒಂದೇ ತೂಕ, ಒಂದೇ ಫ್ಲಾಪಿನಲ್ಲಿ ಐದು ಸಲ ಹಾರಿ. ಹೊಸ ಸ್ಟಾಲ್ ವೇಗವನ್ನು ನೆಲದಿಂದ 3000 ಅಡಿ ಮೇಲೆ, ಖಾಲಿ ವಿಮಾನದಲ್ಲೂ ತುಂಬಿದ ವಿಮಾನದಲ್ಲೂ ನೋಡಿ ಬರೆದಿಡಿ. ಎರಡು ಅಂಕಿಗಳ ನಡುವಿನ ಅಂತರ ದೊಡ್ಡದಾಗಿದ್ದರೆ ಇಳಿಯುವ ವೇಗವನ್ನು ತುಂಬಿದ ವಿಮಾನದ ಅಂಕಿಯಿಂದಲೇ ಲೆಕ್ಕ ಹಾಕಿ.