ಲಾರ್ಪ್ ಆಟದ ಫೋಮ್ ಬಾಣ: ಮೊದಲು ಕಡ್ಡಿಯ ತುದಿ ನೋಡಿ

ಲಾರ್ಪ್ ಅಂದರೆ ವೇಷ ಹಾಕಿ, ಪಾತ್ರವಾಗಿ ಆಡುವ ಆಟ; ಅದರಲ್ಲಿ ಒಬ್ಬರ ಮೇಲೊಬ್ಬರು ಬಿಡುವ ಮೆತ್ತನೆ ಬಾಣವನ್ನು ಮನೆಯಲ್ಲೇ ಮಾಡುವವರಿಗೆ ಒಂದು ಮಾತು. ಎಷ್ಟೇ ಫೋಮ್ ಸುತ್ತಿದರೂ, ಏಟು ಬಿದ್ದು ಬಿದ್ದು ಕಡ್ಡಿ ಅದನ್ನು ಕೊರೆದು ಹೊರಗೆ ಬರುತ್ತದೆ. ಅದಕ್ಕೇ ಲೋಹದ ಮೊನೆ ತೆಗೆದು, ತುದಿಗೆ ನಾಣ್ಯದಂಥ ಚಪ್ಪಟೆ ಬಿಲ್ಲೆ ಅಂಟಿಸಿ. ಅದರ ಮುಂದೆ ಯೋಗ ಮ್ಯಾಟಿನಂಥ ಗಟ್ಟಿ ಫೋಮ್, ಆಮೇಲೆ ಸೋಫಾದ ಮೆತ್ತನೆ ಸ್ಪಂಜು. ಬಾಣದ ಈ ಫೋಮ್ ತಲೆ ಕಣ್ಣಿನ ಗುಳಿಗಿಂತ ಅಗಲ ಇರಲೇಬೇಕು, 2.5 ಇಂಚು ಇದ್ದರೆ ನೆಮ್ಮದಿ. ಫೈಬರ್‌ಗ್ಲಾಸ್ ಕಡ್ಡಿಗೆ ಉದ್ದಕ್ಕೂ ಟೇಪ್ ಸುತ್ತಿ, ಮುರಿದರೂ ಸಿಬಿರು ಹಾರಬಾರದು ಅಲ್ವಾ. ಕಾರ್ಬನ್ ಬೇಡವೇ ಬೇಡ. ಬಿಲ್ಲನ್ನು 28 ಇಂಚು ಎಳೆಯಲು ಬೇಕಾಗುವ ಬಲ 30 ಪೌಂಡ್ ದಾಟದಿರಲಿ. ಕೆಲವು ಗುಂಪುಗಳ ನಿಯಮ ಇನ್ನೂ ಬಿಗಿ, ಮೊದಲೇ ಕೇಳಿಕೊಳ್ಳಿ. ಪ್ರತಿ ಸಲ ಬಿಡುವ ಮುಂಚೆ ತಲೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಬಿಲ್ಲೆ ಬೆರಳಿಗೆ ತಾಗಿದರೆ ಆ ಬಾಣ ಪಕ್ಕಕ್ಕೆ. ಮೊದಲ ಏಟು ಮಾತ್ರ ನಿಮ್ಮ ಬೆನ್ನಿಗೇ ಹೊಡೆಸಿಕೊಳ್ಳಿ!