ಹಾಡು ಕೇಳೋ ಡಬ್ಬಿಗೆ ಎಷ್ಟು ರ‍್ಯಾಮ್ ಬೇಕು?

"ಇದ್ರಲ್ಲಿ ರ‍್ಯಾಮ್ ಎಷ್ಟಣ್ಣಾ?"

ಚಿಂತಾಮಣಿಯಲ್ಲಿ ನನ್ನದೊಂದು ರಿಪೇರಿ ಅಂಗಡಿ. ಅಲ್ಲಿಗೆ ಬರುವ ಹುಡುಗರು ಮೇಜಿನ ಮೇಲಿರುವ ಮ್ಯೂಸಿಕ್ ಪ್ಲೇಯರ್ ನೋಡಿದ ಕೂಡಲೇ ಇದನ್ನೇ ಕೇಳುತ್ತಾರೆ. "ಮೂವತ್ತೆರಡು" ಅಂದರೆ ಕಣ್ಣರಳಿಸುತ್ತಾರೆ. "ಜಿಬಿ ಅಲ್ಲಪ್ಪಾ, ಎಂಬಿ" ಅಂದ ಮೇಲೆ ನಗು. ನಗಲಿ ಬಿಡಿ. ಆದರೆ ಅವರು ತಮ್ಮ ಎಂಟು ಜಿಬಿ ಫೋನಿನಲ್ಲಿ ಕೇಳುವ ಹಾಡನ್ನೇ ಆ ಡಬ್ಬಿಯೂ ಎಲ್ಲೂ ತಡವರಿಸದೆ ಹಾಡುತ್ತದೆ. ಇಪ್ಪತ್ತು ವರ್ಷ ಹಳೆಯ ಯಂತ್ರಕ್ಕೆ ಅದು ಹೇಗೆ ಸಾಧ್ಯ ಎಂಬುದನ್ನು ನಾನು ಬಿಚ್ಚಿ, ಜೋಡಿಸಿ, ಬಳಸಿ ನೋಡಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ಲು (ದನಿಯ ಅಳತೆಗಳು), ಎಡಗಿವಿಗೊಂದು ಬಲಗಿವಿಗೊಂದು, ಒಂದೊಂದಕ್ಕೂ 16 ಬಿಟ್. ಗುಣಿಸಿದರೆ ಸೆಕೆಂಡಿಗೆ ಸುಮಾರು 176 ಕೆಬಿ. ಒಳ್ಳೇ ದರ್ಜೆಯ 320 ಕೆಬಿಪಿಎಸ್ (ಸೆಕೆಂಡಿಗೆ 320 ಕಿಲೋಬಿಟ್, ಎಂಟು ಬಿಟ್‌ಗೆ ಒಂದು ಬೈಟ್) ಎಂಪಿ3ಗೆ ಸೆಕೆಂಡಿಗೆ 40 ಕೆಬಿ ಸಾಕು. ಹಳೇ ಮ್ಯೂಸಿಕ್ ಪ್ಲೇಯರ್ ಆರ್ಕೋಸ್ ಜೂಕ್‌ಬಾಕ್ಸ್‌ನ ಮುಖ್ಯ ಪ್ರೊಸೆಸರ್ ಓಡುತ್ತಿದ್ದದ್ದು ಬರೀ 12 ಮೆಗಾಹರ್ಟ್ಸ್‌ನಲ್ಲಿ. ಎಂಪಿ3 ಬಿಡಿಸುವ ಕೆಲಸಕ್ಕೆ ಪಕ್ಕದಲ್ಲೇ ಬೇರೆ ಚಿಪ್ ಇತ್ತು. 2001ರ ಮೊದಲ ಐಪಾಡ್‌ನಲ್ಲಿ ಇದ್ದದ್ದು 5 ಜಿಬಿ ಡಿಸ್ಕು, 32 ಎಂಬಿ ರ‍್ಯಾಮು. ಅಂದಿನಿಂದ ಇಂದಿನವರೆಗೆ ಫೋನುಗಳು ಎಲ್ಲಿಂದೆಲ್ಲಿಗೋ ಹೋದವು, ಮನುಷ್ಯನ ಕಿವಿ ಮಾತ್ರ ಅಲ್ಲೇ ಇದೆ.

ನಾನು ಇದಕ್ಕೆ ಕೈ ಹಾಕಿದ್ದು ನಮ್ಮ ಭಜನೆ ಮಂಡಳಿಯಿಂದಾಗಿ. ಕೈವಾರ ನಮಗೆ ಹತ್ತಿರ, ಹಾಗಾಗಿ ಅಲ್ಲಿನ ಯೋಗಿ ನಾರೇಯಣ ತಾತಯ್ಯನವರ ಕೀರ್ತನೆಗಳೇ ನಮ್ಮಲ್ಲಿ ಹೆಚ್ಚು. ತೆಲುಗಿನವೂ ಉಂಟು, ಕನ್ನಡದವೂ ಉಂಟು. ಹಿರಿಯರು ಹಾಡಿದ್ದನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು, ಅದನ್ನೆಲ್ಲ ನಾನು ಕಂಪ್ಯೂಟರಿಗೆ ಇಳಿಸಿದ್ದೆ. ಫೋನಿನಲ್ಲಿ ಹಾಕಿಕೊಟ್ಟರೆ ಅಭ್ಯಾಸ ಎಲ್ಲಿ ನಡೆಯುತ್ತೆ? ಪಲ್ಲವಿ ಮುಗಿಯುವಷ್ಟರಲ್ಲಿ ಮಂಡಿಯಿಂದ ಟೊಮೆಟೊ ರೇಟು ಕೇಳಿ ಯಾರಾದರೂ ಫೋನ್ ಮಾಡಿರುತ್ತಾರೆ. ಹಾಡೊಂದನ್ನೇ ಹಾಡುವ ಡಬ್ಬಿ ಬೇಕಿತ್ತು. ಗುಜರಿಗೆ ಬಂದ ಸಾಮಾನಿನಲ್ಲಿ 30 ಜಿಬಿಯ ಐಪಾಡ್ ವಿಡಿಯೋ ಒಂದು ಸಿಕ್ಕಿತು. ಗಿರಾಕಿಯೊಬ್ಬರು ಸಾನ್ಸಾ ಕ್ಲಿಪ್ ಪ್ಲಸ್ ಅನ್ನುವ ಪ್ಲೇಯರ್ ಕೊಟ್ಟರು, ಬೆಂಕಿಪೊಟ್ಟಣದಷ್ಟು ಪುಟ್ಟದು.

ಕ್ಲಿಪ್‌ನಲ್ಲಿ ಹೆಚ್ಚು ಕೆಲಸವಿರಲಿಲ್ಲ. ಐಪಾಡ್ ಮಾತ್ರ ಕೈ ತುಂಬ ಕೆಲಸ ಕೊಟ್ಟಿತು. ಡಿಸ್ಕ್ ಕಟಕಟ ಅನ್ನುತ್ತಿತ್ತು, ಬ್ಯಾಟರಿ ಸತ್ತಿತ್ತು. ಮುಂದಿನ ಪ್ಲಾಸ್ಟಿಕ್ಕಿಗೂ ಹಿಂದಿನ ಸ್ಟೀಲ್ ಮುಚ್ಚಳಕ್ಕೂ ನಡುವಿನ ಸಂದಿಗೆ ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ಬದಿಯ ಕೊಂಡಿಗಳನ್ನು ಒಂದೊಂದಾಗಿ ಬಿಡಿಸಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಸ್ಟೀಲು ಸೊಟ್ಟಗಾಗುತ್ತೆ, ಮತ್ತೆ ನೆಟ್ಟಗಾಗಲ್ಲ. ಮುಚ್ಚಳ ಬಿಟ್ಟುಕೊಂಡಿತು ಅಂತ ಎಳೆಯಬಾರದು, ಪುಸ್ತಕ ತೆರೆದ ಹಾಗೆ ಮೆಲ್ಲಗೆ ತೆರೆಯಬೇಕು. ಬ್ಯಾಟರಿಯ ಪಟ್ಟಿ, ಇಯರ್‌ಫೋನ್ ಜ್ಯಾಕ್‌ನ ಪಟ್ಟಿ ಎರಡೂ ಹಿಂದಿನ ಮುಚ್ಚಳದಿಂದ ಬೋರ್ಡಿಗೆ ಹೋಗಿರುತ್ತವೆ, ಕಾಗದದಷ್ಟು ತೆಳು. ಅವುಗಳ ಪುಟ್ಟ ಲಾಕನ್ನು ಉಗುರಿನಲ್ಲಿ ಎತ್ತಿ ಪಟ್ಟಿ ಬಿಡಿಸಿದೆ. ಡಿಸ್ಕಿನ ಜಾಗದಲ್ಲಿ ಎಸ್‌ಡಿ ಕಾರ್ಡ್ ಕೂರಿಸುವ ಅಡಾಪ್ಟರ್ ಬೋರ್ಡ್ ಹಾಕಿ, ಖಾಲಿ ಉಳಿದಲ್ಲಿ ಸ್ಪಂಜು ತುಂಬಿದೆ. ಹೊಸ ಬ್ಯಾಟರಿ ಅಂಟಿಸಿದೆ. ಮುಚ್ಚುವ ಮುನ್ನ ಒಮ್ಮೆ ಆನ್ ಮಾಡಿ ನೋಡುವುದು ಒಳ್ಳೆಯದು.

ಆಮೇಲೆ ಕಂಪ್ಯೂಟರಿಗೆ ಸಿಕ್ಕಿಸಿ ಐಟ್ಯೂನ್ಸ್‌ನಿಂದ ರಿಸ್ಟೋರ್ ಮಾಡಿ, ಅದರ ಮೇಲೆ ರಾಕ್‌ಬಾಕ್ಸ್ ಹಾಕಿದೆ. ಹಳೇ ಪ್ಲೇಯರುಗಳಿಗೆಂದೇ ಆಸಕ್ತರು ಸೇರಿ ಬರೆದ ಉಚಿತ ತಂತ್ರಾಂಶ ಅದು. ಐಪಾಡ್‌ನಲ್ಲಿ ರಾಕ್‌ಬಾಕ್ಸ್‌ಗೆ ಫ್ಯಾಟ್32 ಫಾರ್ಮ್ಯಾಟೇ ಬೇಕು. ಮ್ಯಾಕ್‌ನಲ್ಲಿ ರಿಸ್ಟೋರ್ ಮಾಡಿ ತಂದರೆ ಅದು ಒಪ್ಪುವುದಿಲ್ಲ, ವಿಂಡೋಸ್‌ನಲ್ಲೇ ಮಾಡಿ.

ರಾಕ್‌ಬಾಕ್ಸ್‌ನಲ್ಲಿ ಡೀಬಗ್ ಅಂತ ಒಂದು ಮೆನು ಇದೆ. ಪಕ್ಕದಲ್ಲೇ 'ಕೀಪ್ ಔಟ್' ಅಂತ ಬರೆದಿದ್ದಾರೆ, ಹಾಗೆ ಬರೆದ ಮೇಲೆ ರಿಪೇರಿಯವನು ಒಳಗೆ ಹೋಗದೆ ಇರುತ್ತಾನೆಯೇ? ಅಲ್ಲಿ ಬಫರ್ (ಹಾಡನ್ನು ಮೊದಲೇ ಎಳೆದಿಟ್ಟುಕೊಳ್ಳುವ ಜಾಗ) ತೋರಿಸುವ ಪರದೆಯಲ್ಲಿ ಪ್ರೊಸೆಸರ್ ಎಷ್ಟು ಹೊತ್ತು ಪೂರ್ತಿ ವೇಗದಲ್ಲಿ ಓಡಿತು ಅನ್ನುವುದು ಶೇಕಡಾವಾರು ಕಾಣುತ್ತದೆ. ಈ ಐಪಾಡ್ ಸುಮ್ಮನಿದ್ದಾಗ 30 ಮೆಗಾಹರ್ಟ್ಸ್, ಬೇಕಾದಾಗ 80. ಎಂಪಿ3 ಹಾಕಿದೆ, ಅಂಕಿ ಏರಿತು. ಅದೇ ಕೀರ್ತನೆಯ ಫ್ಲ್ಯಾಕ್ (ದನಿ ಒಂದಿಷ್ಟೂ ಕಳೆಯದೆ ಕುಗ್ಗಿಸಿದ, ಎಂಪಿ3ಗಿಂತ ದೊಡ್ಡ ಫೈಲ್) ಹಾಕಿದೆ, ಇಳಿಯಿತು. ಫೈಲ್ ದೊಡ್ಡದಾದರೆ ಕೆಲಸವೂ ಜಾಸ್ತಿ ಅಂದುಕೊಳ್ಳುವವರು ಇದನ್ನು ನೋಡಬೇಕು. ಎಂಪಿ3ಯಲ್ಲಿ ದನಿಯನ್ನು ಆವರ್ತನಗಳಾಗಿ ಒಡೆದಿಟ್ಟಿರುತ್ತಾರೆ, ಮತ್ತೆ ಜೋಡಿಸಲು ಗುಣಾಕಾರ ರಾಶಿ ಬೀಳುತ್ತದೆ. ಫ್ಲ್ಯಾಕ್‌ನಲ್ಲಿ ಹಿಂದಿನ ಸ್ಯಾಂಪಲ್‌ಗಳಿಂದ ಮುಂದಿನದನ್ನು ಅಂದಾಜಿಸಿ, ಉಳಿದ ವ್ಯತ್ಯಾಸವನ್ನು ಕೂಡಿಸಿದರೆ ಆಯಿತು. ಕಷ್ಟವೆಲ್ಲ ಫೈಲ್ ಮಾಡುವವನದು, ಕೇಳುವವನದಲ್ಲ.

ನಿಜವಾಗಿ ಸೋತದ್ದು ಒಂದೇ ಕಡೆ. ಮಂಕೀಸ್ ಆಡಿಯೋ ಅನ್ನುವ ಏಪ್ ಫೈಲುಗಳನ್ನು 'ಎಕ್ಸ್‌ಟ್ರಾ ಹೈ'ನಲ್ಲಿ ಕುಗ್ಗಿಸಿಟ್ಟಿದ್ದರೆ ಹಾಡು ತುಂಡು ತುಂಡಾಗುತ್ತದೆ, ಪ್ರೊಸೆಸರ್ ಕೈಯಲ್ಲಿ ಆಗುವುದಿಲ್ಲ. ಅದಕ್ಕೆ ಹೊಸ ಪ್ಲೇಯರ್ ಕೊಳ್ಳಬೇಕಿಲ್ಲ. ಕಂಪ್ಯೂಟರಿನಲ್ಲಿ ಫ್ಲ್ಯಾಕ್‌ಗೆ ಬದಲಿಸಿಕೊಂಡರೆ ದನಿಯಲ್ಲಿ ಎಳ್ಳಷ್ಟೂ ನಷ್ಟವಿಲ್ಲ, ಎರಡೂ ನಷ್ಟವಿಲ್ಲದ ಕುಗ್ಗಿಸುವಿಕೆಯೇ.

ಮಂಡಳಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವೇಗ ತಗ್ಗಿಸುವ ಸೌಲಭ್ಯ. ಶ್ರುತಿ ಹಾಗೇ ಇಟ್ಟು ಹಾಡನ್ನು ನಿಧಾನ ಮಾಡಬಹುದು. ವೇಗ ಹಾಗೇ ಇಟ್ಟು ಶ್ರುತಿಯನ್ನೂ ಅರ್ಧರ್ಧ ಮನೆ ಏರಿಸಬಹುದು, ಇಳಿಸಬಹುದು. ಹಾರ್ಮೋನಿಯಂ ಕಪ್ಪು ಒಂದರಲ್ಲಿ ಹಿಡಿದವರಿಗೆ ಬಿಳಿ ನಾಲ್ಕರ ಹಾಡು ಅಲ್ಲೇ ಹೊಂದಿಕೊಳ್ಳುತ್ತದೆ. ಮಂಡಳಿಯ ಯಜಮಾನರು ಮೊದಲ ಸಲ ಕೇಳಿದವರೇ, "ಲೇ, ಈ ಸಂಗತಿ ಹಿಂಗಾ ಇರೋದು? ನಲವತ್ತು ವರ್ಸದಿಂದ ನಾನು ಬೇರೆ ಥರ ಹಾಡ್ತಿದ್ದೀನಲ್ಲೋ" ಅಂದರು. ಪ್ರೊಸೆಸರ್‌ಗೆ ದುಡಿಮೆ ಬೀಳುವುದು ಇಂಥ ಕಡೆ. ಎಂಪಿ3 ಜೊತೆಗೆ ಇದನ್ನೂ ಆ ಪುಟ್ಟ ಕ್ಲಿಪ್ ಸಲೀಸಾಗಿ ನಿಭಾಯಿಸಿತು.

ರ‍್ಯಾಮ್ ವಿಷಯ ಸ್ವಲ್ಪ ಬೇರೆ. ತಿರುಗುವ ಡಿಸ್ಕ್ ಇದ್ದ ಕಾಲದಲ್ಲಿ ಪ್ಲೇಯರ್ ಒಂದಿಷ್ಟು ಹಾಡನ್ನು ರ‍್ಯಾಮಿಗೆ ಎಳೆದುಕೊಂಡು ಡಿಸ್ಕನ್ನು ಮಲಗಿಸುತ್ತಿತ್ತು. 128 ಕೆಬಿಪಿಎಸ್ ಎಂಪಿ3 ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ, ಹಾಗಾಗಿ 32 ಎಂಬಿಯಲ್ಲಿ ಇಪ್ಪತ್ತು ನಿಮಿಷ ಆರಾಮ. ಫ್ಲ್ಯಾಕ್ ಆದರೆ ಐದಾರು ನಿಮಿಷಕ್ಕೊಮ್ಮೆ ಡಿಸ್ಕ್ ಎದ್ದು ತಿರುಗಬೇಕು, ಬ್ಯಾಟರಿ ಇಳಿಯುವುದು ಅಲ್ಲಿ. ಆಗ ರ‍್ಯಾಮ್ ಹೆಚ್ಚಿದ್ದರೆ ಲಾಭವಿತ್ತು. ಮೆಮೊರಿ ಕಾರ್ಡ್ ಹಾಕಿದ ಮೇಲೆ ಆ ಗೋಜೇ ಇಲ್ಲ. ಇನ್ನು ಹತ್ತಾರು ಸಾವಿರ ಹಾಡು ತುಂಬಿ ಗಾಯಕರು, ಆಲ್ಬಂ ಅಂತ ಪಟ್ಟಿ ಬೇಕೆಂದರೆ ಪಟ್ಟಿಗೂ ಜಾಗ ಬೇಕು, ಹಳೇ ಐಪಾಡ್‌ಗಳು ಕೈಚೆಲ್ಲುವುದು ಅಲ್ಲಿಯೇ. ನಾನು ಫೋಲ್ಡರ್ ಮಾಡಿ ಇಟ್ಟುಕೊಳ್ಳುತ್ತೇನೆ.

ಹಾಗಾದರೆ ಪವರ್ ಬೇಡವೇ ಬೇಡವೆ? ಬೇಕು. ಅದು ಇಯರ್‌ಫೋನ್ ನಡೆಸುವ ಆಂಪ್ಲಿಫೈಯರ್‌ನಲ್ಲಿ ಬೇಕು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಆಮೇಲೆ ತಮಟೆ ರೆಕಾರ್ಡಿಂಗ್ ಹಾಕಿಕೊಡಿ ಅನ್ನುವವರು ನನ್ನ ಅಂಗಡಿಗೂ ಬಂದರು. ತಮಟೆಯ ಒಂದು ಪೆಟ್ಟು ಸುತ್ತಲಿನ ದನಿಗಿಂತ ಎಷ್ಟೋ ಪಟ್ಟು ಮೇಲೆ ಚಿಮ್ಮುತ್ತದೆ. 32 ಓಮ್ ಇಯರ್‌ಫೋನಿಗೆ ಒಂದು ಮಿಲಿವ್ಯಾಟ್ ಕೊಡಲು 0.18 ವೋಲ್ಟ್ ಸಾಕು, ಪೆಟ್ಟು 10 ಡೆಸಿಬಲ್ ಮೇಲೆ ಹೋದರೂ 0.57 ವೋಲ್ಟ್. 300 ಓಮ್‌ನ ದೊಡ್ಡ ಹೆಡ್‌ಫೋನಿಗೆ ಅದೇ ಒಂದು ಮಿಲಿವ್ಯಾಟ್‌ಗೆ 0.55, ತಮಟೆ ಪೆಟ್ಟು ಬಿದ್ದಾಗ 1.7 ವೋಲ್ಟ್. 3.7 ವೋಲ್ಟ್ ಬ್ಯಾಟರಿಯಿಂದ ನೇರವಾಗಿ ಓಡುವ ಆಂಪ್‌ಗೆ 1.3 ವೋಲ್ಟ್ ದಾಟುವುದೇ ಕಷ್ಟ, ಪೆಟ್ಟಿನ ತಲೆ ಚಪ್ಪಟೆಯಾಗುತ್ತದೆ. ಎಂಟು ಕೋರ್ ಪ್ರೊಸೆಸರ್ ಹಾಕಿದರೂ ಇದು ಸರಿಹೋಗುವುದಿಲ್ಲ. ನಮ್ಮವರು ಹಾಕುವುದು 16 ಅಥವಾ 32 ಓಮ್‌ನದ್ದೇ ಆದ್ದರಿಂದ ಈ ತಾಪತ್ರಯ ನಮಗೆ ಬರಲಿಲ್ಲ.

ಪರಿಚಯದವರೊಬ್ಬರು ದುಬಾರಿ ಆಂಡ್ರಾಯ್ಡ್ ಪ್ಲೇಯರ್ ಒಂದನ್ನು ರಿಪೇರಿಗೆ ತಂದಿದ್ದರು. ದನಿ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆನ್ ಆಗುವುದರೊಳಗೆ ಒಂದು ಲೋಟ ಕಾಫಿ ಮುಗಿಸಬಹುದು, ಸುಮ್ಮನೆ ಇಟ್ಟರೂ ಬೆಳಗ್ಗೆಗೆ ಚಾರ್ಜು ಇಳಿದಿರುತ್ತಿತ್ತು. ಇಂಟರ್ನೆಟ್ಟಿನಿಂದ ಹಾಡು ಕೇಳುವ ಆ್ಯಪ್ ಬೇಕು ಅನ್ನುವವರಿಗೆ ಬೇರೆ ದಾರಿಯಿಲ್ಲ, ಅಷ್ಟು ಹಾರ್ಡ್‌ವೇರ್ ಆ ಆ್ಯಪ್‌ಗಳಿಗೇ ಬೇಕು. ಕೆಲ ವರ್ಷಕ್ಕೆ ಆ್ಯಪ್‌ಗಳು ಹಳೇ ಆಂಡ್ರಾಯ್ಡ್‌ನಲ್ಲಿ ನಡೆಯದೆ ಹೋದಾಗ ದನಿ ಗಟ್ಟಿಯಾಗಿಯೇ ಇರುವ ಯಂತ್ರ ಮೂಲೆ ಸೇರುತ್ತದೆ.

ಅದರಲ್ಲಿ ನನಗೆ ಹೊಟ್ಟೆಕಿಚ್ಚಾದದ್ದು ಒಂದಕ್ಕೇ: ಹಾಡಿನ ಹೆಸರು ಅಚ್ಚುಕಟ್ಟಾಗಿ ಕನ್ನಡದಲ್ಲಿ ಕಾಣುತ್ತಿತ್ತು. ರಾಕ್‌ಬಾಕ್ಸ್‌ಗೆ ಕನ್ನಡ ಅಕ್ಷರಗಳಿರುವ ಫಾಂಟ್ ಹಾಕಿದರೂ ಒತ್ತು, ಗುಣಿತ ಕೂಡಿಕೊಳ್ಳುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಯಜಮಾನರಿಗೆ ಅದು ಓದಲು ಬರುವುದಿಲ್ಲವಾದ್ದರಿಂದ ಫೋಲ್ಡರಿಗೆ ನಂಬರ್ ಹಾಕಿ ಒಂದು ಕಾಗದದಲ್ಲಿ ಪಟ್ಟಿ ಬರೆದುಕೊಟ್ಟಿದ್ದೇನೆ. ಇದಕ್ಕೂ ಹಾರ್ಡ್‌ವೇರ್ ಕಾರಣವಲ್ಲ, ಒಂದು ಕಾಲದ ಬಟನ್ ಫೋನುಗಳೇ ಕನ್ನಡ ತೋರಿಸುತ್ತಿದ್ದವು. ರಾಕ್‌ಬಾಕ್ಸ್‌ಗೆ ಕೂತು ಬರೆಯುವವರು ಬೇಕು, ಅಷ್ಟೆ. ಪ್ರೋಗ್ರಾಮಿಂಗ್ ಬಲ್ಲ ಹುಡುಗರು ಯಾರಾದರೂ ಓದುತ್ತಿದ್ದರೆ ಯೋಚಿಸಿ.

ಸದ್ಯಕ್ಕೆ ನನ್ನ ತಲೆನೋವು ಬಿಡಿಭಾಗಗಳದ್ದು. ಅಗಲ ಪಿನ್ನಿನ ಹಳೇ ಐಪಾಡ್ ಕೇಬಲ್ ಸಿಗುವುದು ಕಷ್ಟವಾಗಿದೆ, ಸಿಕ್ಕರೂ ಚಾರ್ಜ್ ಮಾತ್ರ ಆಗಿ ಕಂಪ್ಯೂಟರಿಗೆ ಕಾಣದಂಥವೇ ಹೆಚ್ಚು. ಕ್ಲಿಪ್ ಪ್ಲಸ್‌ನ ಜ್ಯಾಕ್ ಸವೆದರೆ ಬೇರೆ ಸತ್ತ ಕ್ಲಿಪ್‌ನಿಂದಲೇ ಕಿತ್ತು ಹಾಕಬೇಕು. ಮನೆಯಲ್ಲಿ ಬಿದ್ದಿರುವ ಹಳೇ ಪ್ಲೇಯರ್ ಇದ್ದರೆ ಗುಜರಿಗೆ ಹಾಕುವ ಮುಂಚೆ ನನಗೊಂದು ಮಾತು ಹೇಳಿ, ಒಡೆದಿದ್ದರೂ ಪರವಾಗಿಲ್ಲ.